ಹಳದಿ ಯಾವ ಎಲೆಯಿಂದ ಶುರುವಾಯಿತು? ಹಿತ್ತಿಲ ಬಾಳೆಯ ಕಾಯಿಲೆ ಗುರುತಿಸುವ ಬಗೆ

ಮಳೆ ಬಿಟ್ಟು ಬಿಸಿಲು ಬಂತು ಅನ್ನುವಾಗ ನನ್ನ ಫೋನಿಗೆ ಬಾಳೆಯ ಫೋಟೋಗಳು ಬರಲು ಶುರುವಾಗುತ್ತವೆ. ಪೆರ್ಲದಿಂದ ಒಂದು, ಮುಳ್ಳೇರಿಯದಿಂದ ಇನ್ನೊಂದು, ಕುಂಬಳೆಯ ಅತ್ತಿಗೆಯಿಂದ ಮತ್ತೊಂದು. ಎಲ್ಲದರ ಕೆಳಗೂ ಒಂದೇ ಸಾಲು: "ಬಾಳೆ ಹಳದಿ ಆಗಿದೆ, ಏನು ಹಾಕಬೇಕು?" ನಾನು ತಿರುಗಿ ಕೇಳುವುದೂ ಒಂದೇ. ಹಳದಿ ಶುರುವಾದದ್ದು ಎಲ್ಲಿಂದ? ಕೆಳಗಿನ ಹಳೆ ಎಲೆಯಿಂದಲಾ, ಮೇಲಿನ ಸುಳಿಯಿಂದಲಾ?

ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಏನು ಹಾಕಬೇಕು ಅನ್ನುವುದು ಆಮೇಲಿನ ಮಾತು. ಮೊದಲು ಏನಾಗಿದೆ ಅಂತ ಗೊತ್ತಾಗಬೇಕು, ಅಲ್ವಾ?

ಬಾಳೆಯನ್ನು ನಾವು ಮರ ಅಂದರೂ ಅದು ಮರವಲ್ಲ, ದೊಡ್ಡದೊಂದು ಹುಲ್ಲುಜಾತಿಯ ಗಿಡದ ಹಾಗೆ. ಕಂಬದ ಹಾಗೆ ಕಾಣುವುದು ನಿಜವಾದ ಕಾಂಡವಲ್ಲ, ಒಂದರ ಮೇಲೊಂದು ಸುತ್ತಿಕೊಂಡ ಎಲೆಯ ಪದರಗಳು. ನಿಜವಾದ ಕಾಂಡ ನೆಲದೊಳಗಿನ ಗೆಡ್ಡೆ. ಬೇರು ಹೊರಡುವುದು ಅದರಿಂದ, ಕಂದು, ಅಂದರೆ ಬುಡದ ಮರಿಗಿಡ, ಹುಟ್ಟುವುದು ಅದರಿಂದ. ಹೊಸ ಎಲೆ ಹುಟ್ಟುವುದೂ ಅಲ್ಲಿಂದಲೇ. ಸುರುಳಿ ಸುತ್ತಿಕೊಂಡು, ಕಂಬದ ನಡುವಿನಿಂದ ಮೇಲೆ ತೂರಿಕೊಂಡು ಬರುತ್ತದೆ. ಹದವಾದ ಬಿಸಿಲು, ನೀರು ಇದ್ದರೆ ವಾರಕ್ಕೋ ಹತ್ತು ದಿನಕ್ಕೋ ಒಂದು ಎಲೆ. ಹಾಗಾಗಿ ಬಾಳೆಯ ಎಲೆಗಳು ಒಂದು ಕ್ಯಾಲೆಂಡರ್ ಇದ್ದ ಹಾಗೆ. ಮೇಲಿನದ್ದು ಈ ವಾರದ್ದು, ಕೆಳಗಿನದ್ದು ಎರಡು ಮೂರು ತಿಂಗಳ ಹಿಂದಿನದ್ದು. ಯಾವ ಎಲೆಯಲ್ಲಿ ತೊಂದರೆ ಕಂಡಿತು ಅನ್ನುವುದರಿಂದ ಅದು ಯಾವಾಗ ಶುರುವಾಯಿತು ಅಂತಲೂ ಅಂದಾಜು ಸಿಗುತ್ತದೆ.

ತೀರ ಕೆಳಗಿನ ಒಂದೆರಡು ಎಲೆ ಹಣ್ಣಾಗಿ ಜೋತು ಬಿದ್ದರೆ ಅದು ವಯಸ್ಸು, ರೋಗವಲ್ಲ. ಗಾಳಿಗೆ ಎಲೆ ಸೀಳಿಕೊಂಡರೆ ಅದೂ ರೋಗವಲ್ಲ. ಊಟಕ್ಕೆ ಕೀತು ಸಿಗುವುದಿಲ್ಲ ಅಂತ ಬೇಜಾರಾಗಬಹುದು, ಗಿಡಕ್ಕೆ ಅದರಿಂದ ದೊಡ್ಡ ನಷ್ಟ ಇಲ್ಲ. ಮಧ್ಯಾಹ್ನದ ಬಿಸಿಲಿಗೆ ಎಲೆ ಎರಡೂ ಕಡೆ ಮಡಚಿ ಕೊಡೆಯ ಹಾಗೆ ನಿಂತರೆ ಅದು ನೀರು ಉಳಿಸಿಕೊಳ್ಳುವ ಉಪಾಯ. ಸಂಜೆಗೆ ಬಿಚ್ಚಿಕೊಂಡರೆ ಚಿಂತೆ ಬೇಡ. ಬಿಚ್ಚಿಕೊಳ್ಳದಿದ್ದರೆ ಬುಡ ಒಣಗಿದೆ ಅಂತ ಲೆಕ್ಕ.

ಈಗ ಹಳದಿಗೆ ಬರೋಣ. ಗಿಡದೊಳಗೆ ಕೆಲವು ಪೋಷಕಾಂಶಗಳು ಓಡಾಡುತ್ತವೆ. ಸಾರಜನಕ, ಪೊಟ್ಯಾಷ್, ಮೆಗ್ನೀಸಿಯಂ ಆ ಜಾತಿಯವು. ಇವು ಕಡಿಮೆಯಾದರೆ ಗಿಡ ಹಳೆ ಎಲೆಯಿಂದ ಕಿತ್ತು ಹೊಸ ಎಲೆಗೆ ಕೊಡುತ್ತದೆ. ಮನೆಯಲ್ಲಿ ಅಕ್ಕಿ ಕಡಿಮೆಯಾದಾಗ ಹಿರಿಯರು ತಾವು ಬಿಟ್ಟು ಮಕ್ಕಳಿಗೆ ಬಡಿಸಿದ ಹಾಗೆ. ಆದ್ದರಿಂದ ಹಳದಿ ಕೆಳಗಿನಿಂದ ಶುರುವಾಗುತ್ತದೆ. ಕ್ಯಾಲ್ಸಿಯಂ, ಬೋರಾನ್, ಕಬ್ಬಿಣ ಹೀಗೆ ಓಡಾಡುವುದಿಲ್ಲ, ಒಂದು ಎಲೆಗೆ ಸೇರಿದ್ದು ಅಲ್ಲೇ ಉಳಿಯುತ್ತದೆ. ಇವು ಕಡಿಮೆಯಾದರೆ ತೊಂದರೆ ಕಾಣುವುದು ಹೊಸ ಎಲೆಯಲ್ಲಿ. ಎಲೆ ಬಿಳಿಚಿಕೊಂಡಿರುತ್ತದೆ, ಸುಕ್ಕಾಗಿರುತ್ತದೆ, ಇಲ್ಲವೇ ಒಂದು ಭಾಗವೇ ಬೆಳೆಯದೆ ಅರೆಬರೆಯಾಗಿ ಹೊರಬರುತ್ತದೆ.

ನಮ್ಮ ಕಾಸರಗೋಡಿನ ಮಣ್ಣಿನಲ್ಲಿ ಅತಿ ಹೆಚ್ಚು ಕಾಣುವುದು ಕೆಳಗಿನಿಂದ ಬರುವ ಹಳದಿ. ಕಾರಣ ಸರಳ. ಇದು ಮುರಕಲ್ಲಿನ ನೆಲ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಸುರಿಯುತ್ತದೆ, ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅಷ್ಟು ನೀರು ಇಳಿದು ಹೋಗುವಾಗ ಪೊಟ್ಯಾಷ್, ಮೆಗ್ನೀಸಿಯಂ, ಸುಣ್ಣದ ಅಂಶ ಎಲ್ಲ ತೊಳೆದುಕೊಂಡು ಹೋಗುತ್ತದೆ. ಮಣ್ಣು ಹುಳಿಯಾಗುತ್ತದೆ. ಬಾಳೆಗೋ ಬೇರೆ ಎಲ್ಲ ಪೋಷಕಾಂಶಗಳಿಗಿಂತ ಪೊಟ್ಯಾಷ್ ಜಾಸ್ತಿ ಬೇಕು. ಕೇರಳ ಕೃಷಿ ವಿಶ್ವವಿದ್ಯಾಲಯ ನೇಂದ್ರ ಬಾಳೆಗೆ ಹೇಳುವ ಲೆಕ್ಕ ನೋಡಿ: ಒಂದು ಗಿಡಕ್ಕೆ 190 ಗ್ರಾಂ ಸಾರಜನಕ, 115 ಗ್ರಾಂ ರಂಜಕ, 300 ಗ್ರಾಂ ಪೊಟ್ಯಾಷ್. ನಾವು ಬರೀ ಸೆಗಣಿ ಗೊಬ್ಬರ ಹಾಕಿ ಸುಮ್ಮನಾದರೆ ಈ ಪೊಟ್ಯಾಷ್ ಬರುವುದು ಎಲ್ಲಿಂದ?

ಪೊಟ್ಯಾಷ್ ಕಡಿಮೆಯಾದದ್ದನ್ನು ಗುರುತಿಸುವುದು ಕಷ್ಟವಿಲ್ಲ. ಹಳೆ ಎಲೆಯ ತುದಿ, ಅಂಚುಗಳಿಂದ ಹಳದಿ ಶುರುವಾಗುತ್ತದೆ. ಬರೀ ಹಳದಿಯಲ್ಲ, ಸ್ವಲ್ಪ ಕಿತ್ತಳೆ ಬಣ್ಣ ಬೆರೆತದ್ದು. ಬೇಗನೆ ಅಂಚು ಸುಟ್ಟ ಹಾಗೆ ಒಣಗಿ ಒಳಗೆ ಸುರುಟಿಕೊಳ್ಳುತ್ತದೆ. ಕೊನೆಗೆ ಎಲೆಯ ನಡುದಿಂಡು ಮುರಿದು ತುದಿ ಕೆಳಗೆ ತೂಗುತ್ತದೆ. ಮುಳ್ಳೇರಿಯದ ಫೋಟೋದಲ್ಲಿ ಇದ್ದದ್ದು ಇದೇ. ಮೆಗ್ನೀಸಿಯಂ ಕಡಿಮೆಯಾದರೆ ಚಿತ್ರ ಬೇರೆ. ಅಂಚು ಹಸಿರು, ನಡುದಿಂಡಿನ ಪಕ್ಕ ಹಸಿರು, ನಡುವಿನ ಪಟ್ಟಿ ಮಾತ್ರ ಹಳದಿ. ಎಲೆದಂಟಿನ ಮೇಲೆ ನೇರಳೆ ಮಚ್ಚೆಗಳೂ ಕಾಣಬಹುದು. ಸಾರಜನಕ ಇಲ್ಲದಿದ್ದರೆ ಇಡೀ ಗಿಡವೇ ತಿಳಿಹಸಿರಾಗಿ ಮಂಕಾಗುತ್ತದೆ, ಎಲೆದಂಟು ನಸುಗೆಂಪಾಗುತ್ತದೆ, ಹೊಸ ಎಲೆ ನಿಧಾನವಾಗುತ್ತದೆ.

ಪೊಟ್ಯಾಷ್‌ಗೆ ನಮ್ಮಲ್ಲಿ ಒಳ್ಳೆಯ ದಾರಿ ಇತ್ತು, ಬಚ್ಚಲು ಒಲೆಯ ಬೂದಿ. ಅಡಿಕೆ ಸಿಪ್ಪೆ, ತೆಂಗಿನ ಮಡಲು ಉರಿಸಿದ ಬೂದಿ ತಿಂಗಳಿಗೆ ಎರಡು ಗೆರಟೆಯಷ್ಟು ಬುಡದ ಸುತ್ತ ಹಾಕುತ್ತಿದ್ದರು. ಈಗ ಹಂಡೆಯ ಜಾಗಕ್ಕೆ ಸೋಲಾರ್, ಗೀಸರ್ ಬಂದವು, ಬೂದಿ ಹೋಯಿತು. ಬಾಳೆ ಹಳದಿಯಾಗುವುದು ಹೆಚ್ಚಿದ್ದಕ್ಕೆ ಇದೂ ಒಂದು ಕಾರಣ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಬೂದಿ ಇಲ್ಲದವರು ಮ್ಯೂರಿಯೇಟ್ ಆಫ್ ಪೊಟ್ಯಾಷನ್ನು ಸ್ವಲ್ಪ ಸ್ವಲ್ಪವಾಗಿ, ಹಲವು ಕಂತುಗಳಲ್ಲಿ ಕೊಡಬೇಕು. ಒಮ್ಮೆಗೇ ಸುರಿದರೆ ಮಳೆ ಕೊಂಡುಹೋಗುತ್ತದೆ. ನೆಡುವಾಗ ಗುಂಡಿಗೆ ಅರ್ಧ ಕಿಲೋ ಸುಣ್ಣ ಹಾಕಿ. ಮೆಗ್ನೀಸಿಯಂ ಕೂಡ ಬೇಕೆಂದಿದ್ದರೆ ಡಾಲಮೈಟ್ ಒಳ್ಳೆಯದು. ಯೂರಿಯಾವನ್ನೂ ಬೂದಿಯನ್ನೂ ಒಟ್ಟಿಗೆ ಹಾಕಬೇಡಿ, ಸಾರಜನಕ ಗಾಳಿಗೆ ಹೋಗುತ್ತದೆ. ಮತ್ತೆ, ಗೊನೆ ಕಡಿದ ರೋಗವಿಲ್ಲದ ಬಾಳೆಯ ಕಂಬವನ್ನು ಹೊರಗೆ ಎಸೆಯಬೇಡಿ. ಪಲ್ಯಕ್ಕೆ ದಂಡು ತೆಗೆದುಕೊಂಡು ಉಳಿದದ್ದನ್ನು ಕೊಚ್ಚಿ ಗೊಬ್ಬರದ ಗುಂಡಿಗೆ ಹಾಕಿ. ಅದರ ತುಂಬ ಪೊಟ್ಯಾಷ್ ಇದೆ.

ಕುಂಬಳೆಯ ಅತ್ತಿಗೆಯ ಬಾಳೆಗೆ ಮಾತ್ರ ಗೊಬ್ಬರದ ಕೊರತೆ ಇರಲಿಲ್ಲ. ಹೋಗಿ ನೋಡಿದೆ. ಗಿಡ ಇದ್ದದ್ದು ಬಚ್ಚಲು ನೀರು ಬೀಳುವ ಗುಂಡಿಯಲ್ಲಿ. ನಮ್ಮ ಕಡೆ ಬಾಳೆ ನೆಡುವ ಮಾಮೂಲಿ ಜಾಗವೇ ಅದು, ತಪ್ಪೇನಿಲ್ಲ. ಆದರೆ ಈಗ ವಾಷಿಂಗ್ ಮೆಷಿನ್ನಿನ ಸೋಪು ನೀರೂ ಅಲ್ಲಿಗೇ ಬರುತ್ತಿತ್ತು, ಇಂಗಿ ಹೋಗದೆ ನಿಲ್ಲುತ್ತಿತ್ತು. ಬಾಳೆಯ ಬೇರು ಹೆಚ್ಚಿನಂಶ ಮೇಲಿನ ಒಂದಡಿ ಮಣ್ಣಿನಲ್ಲಿ ಇರುತ್ತದೆ. ಅದಕ್ಕೆ ನೀರು ಎಷ್ಟು ಬೇಕೋ ಗಾಳಿಯೂ ಅಷ್ಟೇ ಬೇಕು. ನಿಂತ ನೀರಿನಲ್ಲಿ ಕೆಲವೇ ದಿನದಲ್ಲಿ ಬೇರು ಕೊಳೆಯುತ್ತದೆ. ಬೇರು ಸತ್ತ ಗಿಡ ಗೊಬ್ಬರದ ರಾಶಿಯ ಮೇಲೆ ನಿಂತರೂ ಹಸಿದೇ ಇರುತ್ತದೆ. ಬುಡದ ಮಣ್ಣನ್ನು ಒಂದು ಗೇಣು ಕೆದಕಿದೆವು. ಬಿಳಿಯಾಗಿ ಗಟ್ಟಿಯಾಗಿ ಇರಬೇಕಾದ ಬೇರು ಕಪ್ಪಾಗಿ, ಹಿಂಡಿದರೆ ಸಿಪ್ಪೆ ಜಾರಿ ಬರುತ್ತಿತ್ತು. ಒಂದು ಸಣ್ಣ ಕಣಿ ತೋಡಿ ನೀರನ್ನು ಮುಂದಕ್ಕೆ ಬಿಟ್ಟೆವು, ಅಷ್ಟೇ. ಎರಡು ತಿಂಗಳಲ್ಲಿ ಹೊಸ ಎಲೆಗಳು ಹಸಿರಾಗಿ ಬಂದವು.

ಕೆಳಗಿನ ಎಲೆಯಿಂದಲೇ ಶುರುವಾಗುವ ಇನ್ನೊಂದು ಹಳದಿ ಇದೆ. ಅದಕ್ಕೆ ಮದ್ದಿಲ್ಲ. ಪನಾಮಾ ಸೊರಗು ರೋಗ. ಮಣ್ಣಿನಲ್ಲಿರುವ ಫ್ಯುಸೇರಿಯಂ ಅನ್ನುವ ಶಿಲೀಂಧ್ರ ಬೇರಿನ ಮೂಲಕ ಒಳಗೆ ಹೋಗಿ ನೀರಿನ ಕೊಳವೆಗಳನ್ನು ಮುಚ್ಚುತ್ತದೆ. ಹಳೆ ಎಲೆಗಳು ಅಂಚಿನಿಂದ ಹಳದಿಯಾಗಿ, ದಂಟಿನ ಬುಡದಲ್ಲಿ ಮುರಿದು, ಕಂಬದ ಸುತ್ತ ಲಂಗ ಉಡಿಸಿದ ಹಾಗೆ ಜೋಲುತ್ತವೆ. ಕಂಬದ ಬುಡ ಉದ್ದಕ್ಕೆ ಸೀಳುವುದೂ ಉಂಟು. ಪೊಟ್ಯಾಷ್ ಕೊರತೆಯೋ ಇದೋ ಅನ್ನುವ ಅನುಮಾನ ಬಂದರೆ ಒಂದು ಕಂಬವನ್ನು ಬುಡದಲ್ಲಿ ಅಡ್ಡ ಕಡಿದು ನೋಡಿ. ಒಳಗೆ ಬೆಳ್ಳಗಿದ್ದರೆ ಸಮಾಧಾನ. ಕೆಂಪು ಮಿಶ್ರಿತ ಕಾಫಿ ಬಣ್ಣದ ಚುಕ್ಕಿಗಳು ಉಂಗುರದ ಹಾಗೆ ಕಂಡರೆ ಅದು ಪನಾಮಾ. ಪೆರ್ಲದ ಗಿಡದಲ್ಲಿ ಹಾಗೇ ಕಂಡಿತು. ಅದು ಏಲಕ್ಕಿ ಬಾಳೆ, ಮಲಯಾಳದವರು ಞಾಲಿಪೂವನ್ ಅನ್ನುವುದು. ಆ ಜಾತಿಗೂ ರಸಬಾಳೆಗೂ ಈ ರೋಗ ಬೇಗ ತಗಲುತ್ತದೆ. ನಂಜನಗೂಡಿನ ರಸಬಾಳೆ ಅಷ್ಟು ಕಡಿಮೆಯಾದದ್ದು ಇದರಿಂದಲೇ. ನೇಂದ್ರ, ಕ್ಯಾವೆಂಡಿಶ್‌ಗಳಿಗೆ ನಮ್ಮ ಕಡೆ ಇದರ ಕಾಟ ಅಷ್ಟಿಲ್ಲ. ಶಿಲೀಂಧ್ರ ಮಣ್ಣಿನಲ್ಲಿ ಹತ್ತಾರು ವರ್ಷ ಉಳಿಯುತ್ತದೆ. ಆದ್ದರಿಂದ ಆ ಗಿಡವನ್ನು ಗೆಡ್ಡೆ ಸಮೇತ ತೆಗೆದು ಸುಡಬೇಕು, ಆ ಜಾಗದಲ್ಲಿ ಮತ್ತೆ ಏಲಕ್ಕಿ ಬಾಳೆ ನೆಡಬಾರದು, ಅಲ್ಲಿಂದ ಒಂದು ಕಂದನ್ನೂ ಯಾರಿಗೂ ಕೊಡಬಾರದು. ಗುದ್ದಲಿಗೆ ಅಂಟಿದ ಮಣ್ಣನ್ನೂ ತೊಳೆಯಬೇಕು.

ಇನ್ನು ಮೇಲಿನಿಂದ ಬರುವ ತೊಂದರೆ. ಇದರಲ್ಲಿ ನಾನು ಸ್ವತಃ ಪೆಟ್ಟು ತಿಂದಿದ್ದೇನೆ. ಕೆಲವು ವರ್ಷದ ಹಿಂದೆ ಒಂದು ಕಡೆಯಿಂದ ಹದಿನೈದು ನೇಂದ್ರ ಕಂದು ತಂದು ನೆಟ್ಟೆ. ನಾಲ್ಕನೇ ತಿಂಗಳಲ್ಲಿ ಮೂರು ಗಿಡ ಏನೋ ಸರಿಯಿಲ್ಲ ಅನ್ನಿಸಿತು. ಎಲೆ ಹಳದಿ ಇರಲಿಲ್ಲ, ಹಸಿರಾಗಿಯೇ ಇತ್ತು. ಆದರೆ ಪ್ರತಿ ಹೊಸ ಎಲೆಯೂ ಹಿಂದಿನದ್ದಕ್ಕಿಂತ ಗಿಡ್ಡ, ಕಿರಿದು, ನೆಟ್ಟಗೆ ನಿಂತದ್ದು. ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ತಲೆಯಲ್ಲಿ ಎಲೆಗಳೆಲ್ಲ ಒಂದೇ ಕಡೆ ಗುಂಪು ಕಟ್ಟಿದ್ದವು. ಗೊಬ್ಬರ ಸಾಲದೇನೋ ಅಂತ ಇನ್ನಷ್ಟು ಹಾಕಿದೆ. ಅದು ತಪ್ಪಾಯಿತು. ಗೊಬ್ಬರಕ್ಕೆ ಖರ್ಚಾದ ದುಡ್ಡಿಗಿಂತ, ಕಾಯುತ್ತಾ ಕೂತ ಆ ಎರಡು ತಿಂಗಳೇ ದೊಡ್ಡ ನಷ್ಟ. ಅಷ್ಟರಲ್ಲಿ ಪಕ್ಕದ ಐದು ಗಿಡಕ್ಕೆ ಹಬ್ಬಿತ್ತು.

ಅದು ಬಂಚಿ ಟಾಪ್, ತುದಿ ಗೊಂಚಲು ರೋಗ. ಮಲಯಾಳದಲ್ಲಿ ಕೂಂಬಡಪ್ಪ್, ಕುರುನಾಂಬ್ ಅನ್ನುತ್ತಾರೆ. ಪಂಚಾಯತಿನ ಕೃಷಿ ಕಚೇರಿಯಾದ ಕೃಷಿಭವನದಲ್ಲಿ ಈ ಹೆಸರು ಹೇಳಿದರೆ ತಕ್ಷಣ ಅರ್ಥವಾಗುತ್ತದೆ. ಇದೊಂದು ವೈರಸ್. ಫಿಜಿ ದ್ವೀಪಗಳಲ್ಲಿ 1889ರಲ್ಲೇ ದಾಖಲಾದ ರೋಗ, ಭಾರತದಲ್ಲಿ 1940ರಲ್ಲಿ ಕಂಡದ್ದು ಕೇರಳದಲ್ಲಿ. ಗಿಡ ಗಿಡ್ಡವಾಗುವವರೆಗೆ ಕಾಯದೆ ಮೊದಲೇ ಹಿಡಿಯಲು ಒಂದು ಗುರುತಿದೆ. ಹೊಸ ಎಲೆಯನ್ನು ಬೆಳಕಿಗೆ ಹಿಡಿದು ಹಿಂಬದಿಯಿಂದ ನೋಡಿ. ಸಣ್ಣ ನರಗಳ ಮೇಲೆ ಕಡುಹಸಿರು ಚುಕ್ಕಿ, ಗೀಟು, ಚುಕ್ಕಿ, ಗೀಟು ಅಂತ ತುಂಡು ತುಂಡಾಗಿ ಕಾಣುತ್ತವೆ. ಎಲೆದಂಟಿನ ಮೇಲೂ ಇರುತ್ತವೆ. ನರ ನಡುದಿಂಡಿಗೆ ಸೇರುವ ಕಡೆ ಸಣ್ಣ ಕೊಕ್ಕೆಯ ಹಾಗೆ ಬಾಗಿರುತ್ತದೆ. ಒಮ್ಮೆ ಕಣ್ಣಿಗೆ ಬಿದ್ದರೆ ಮತ್ತೆ ಮರೆಯುವುದಿಲ್ಲ.

ಹರಡುವುದು ಎರಡು ದಾರಿಯಲ್ಲಿ. ಒಂದು, ರೋಗದ ಗಿಡದ ಕಂದು. ಇನ್ನೊಂದು, ಕಪ್ಪು ಮಿಶ್ರಿತ ಕಾಫಿ ಬಣ್ಣದ ಸಣ್ಣ ಗಿಡಹೇನು. ಸುಳಿ ಎಲೆಯ ಬುಡದಲ್ಲಿ, ಒಣಗಿದ ಪದರದ ಒಳಗೆ ಗುಂಪಾಗಿ ಕೂತಿರುತ್ತದೆ. ಕಂಬದ ಮೇಲೆ ಇರುವೆಗಳ ಸಾಲು ಕಂಡರೆ ಪದರ ಎತ್ತಿ ನೋಡಿ, ಹೇನು ಒಸರುವ ಸಿಹಿಗಾಗಿ ಇರುವೆ ಬರುತ್ತದೆ. ಇಲ್ಲಿ ಒಂದು ಸೂಕ್ಷ್ಮ ಇದೆ. ರೋಗದ ಗಿಡವನ್ನು ಸಿಟ್ಟಿನಲ್ಲಿ ಕಡಿದು ಹಾಕಿದರೆ ಹೇನುಗಳು ಎದ್ದು ಪಕ್ಕದ ಗಿಡಕ್ಕೆ ಹೋಗುತ್ತವೆ. ಮೊದಲು ಬೇವಿನೆಣ್ಣೆ, ಸೋಪು ಬೆರೆಸಿದ ನೀರನ್ನು ಸುಳಿಯ ಒಳಗೆ ಚೆನ್ನಾಗಿ ಇಳಿಯುವ ಹಾಗೆ ಹೊಯ್ದು ಹೇನು ಸಾಯಿಸಿ. ಮಾರನೇ ದಿನ ಗೆಡ್ಡೆ, ಕಂದು ಎಲ್ಲ ಸೇರಿಸಿ ಇಡೀ ಬುಡವನ್ನೇ ಅಗೆದು ತೆಗೆಯಿರಿ. ಒಂದು ಕಂದು ಚೆನ್ನಾಗಿ ಕಾಣುತ್ತದೆ ಅಂತ ಬಿಡಬೇಡಿ. ಒಂದೇ ಗೆಡ್ಡೆಯ ಮಕ್ಕಳು, ವೈರಸ್ ಎಲ್ಲದರಲ್ಲೂ ಇರುತ್ತದೆ.

ನೇಂದ್ರದಲ್ಲಿ ಇನ್ನೊಂದು ವೈರಸ್ ರೋಗವೂ ಬರುತ್ತದೆ, ಕೊಕ್ಕಾನ್. ಕಂಬದ ಮೇಲಿನ ಒಣ ಪದರ ಸುಲಿದರೆ ನಸುಗೆಂಪು, ನೇರಳೆ ಗೆರೆಗಳು ಕಾಣುತ್ತವೆ, ಎಲೆದಂಟುಗಳು ಬೀಸಣಿಗೆಯ ಹಾಗೆ ಎರಡು ಕಡೆ ಹರಡಿಕೊಳ್ಳುತ್ತವೆ. ಮಾಡುವ ಕೆಲಸ ಅದೇ.

ಎಲೆಚುಕ್ಕೆ ರೋಗದ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಮಳೆಗಾಲದಲ್ಲಿ ಮೊದಲು ನರಕ್ಕೆ ಸಮವಾಗಿ ಸಣ್ಣ ಹಳದಿ ಗೀಟು, ಆಮೇಲೆ ನಡುವೆ ಬೂದು ಬಣ್ಣದ, ಸುತ್ತ ಹಳದಿ ಉಂಗುರವಿರುವ ಕದಿರಿನಾಕಾರದ ಚುಕ್ಕೆ. ಇದು ಸಿಗಟೋಕ, ಫಿಜಿಯ ಒಂದು ಕಣಿವೆಯ ಹೆಸರು. ರೋಗ ಬಂದ ಭಾಗ ಕತ್ತರಿಸಿ ಸುಡಿ, ಗಿಡಗಳ ನಡುವೆ ಗಾಳಿಯಾಡಲಿ. ಅಡಿಕೆಯ ಕೊಳೆರೋಗಕ್ಕೆ ಬಿಡುವ ಶೇಕಡಾ ಒಂದರ ಬೋರ್ಡೋ ದ್ರಾವಣವೇ ಸಾಕು. ಬಾಳೆ ಎಲೆಯ ಮೇಲೆ ಮೇಣ ಇರುವುದರಿಂದ ಅಂಟು ಬೆರೆಸಿ, ಎಲೆಯ ಅಡಿಭಾಗಕ್ಕೂ ತಾಗಿಸಿ. ಹೂ ಬಂದ ಮೇಲೆ ಹೊಸ ಎಲೆ ಬರುವುದಿಲ್ಲ, ಇದ್ದ ಎಲೆಗಳೇ ಗೊನೆ ತುಂಬಿಸಬೇಕು. ಆಗ ಎಂಟು ಹತ್ತು ಒಳ್ಳೆಯ ಎಲೆಯಾದರೂ ಇರಬೇಕು. ಕಾಯಿ ತೆಳ್ಳಗೆ ಉಳಿಯಿತು ಅನ್ನುವವರು ಮೊದಲು ಎಲೆ ಎಣಿಸಲಿ, ಆಮೇಲೆ ಬುಡದಲ್ಲಿ ಎಷ್ಟು ಕಂದು ಬಿಟ್ಟಿದ್ದೇವೆ ಅಂತ ಎಣಿಸಲಿ.

ಗೊನೆ ಹಾಕಿದ ಬಾಳೆ ಒಂದು ಬೆಳಿಗ್ಗೆ ನೆಲದ ಮೇಲೆ ಬಿದ್ದಿದ್ದರೆ ಎಷ್ಟು ನೋವಾಗುತ್ತದೆ ಅಂತ ನೆಟ್ಟವರಿಗೇ ಗೊತ್ತು. ಎಲ್ಲರೂ "ಗಾಳಿಗೆ ಬಿತ್ತು" ಅನ್ನುತ್ತಾರೆ. ಗಾಳಿ ಬರೀ ತಳ್ಳಿರುತ್ತದೆ. ಬೀಳಿಸಿದ್ದು ಬೇರೆ. ಬಿದ್ದ ಗಿಡವನ್ನು ಎಳೆದು ಹಾಕುವ ಮೊದಲು ಅದು ಎಲ್ಲಿ ಮುರಿದಿದೆ ಅಂತ ನೋಡಿ. ನನ್ನ ಮಟ್ಟಿಗೆ ಬಾಳೆಯ ಬಗ್ಗೆ ಅತಿ ಹೆಚ್ಚು ಕಲಿಸುವ ಗಳಿಗೆ ಅದು.

ಕಂಬದ ನಡುವೆ ಮುರಿದಿದ್ದರೆ ಕಾಂಡ ಕೊರೆಯುವ ಮೂತಿಹುಳದ ಕೆಲಸ ಇರಬಹುದು. ಸೀಳಿ ನೋಡಿ, ಒಳಗೆ ಸುರಂಗ, ಕಾಲಿಲ್ಲದ ಬಿಳಿ ಮರಿಹುಳ, ಕೊಳೆತ ವಾಸನೆ. ಇದು ಮೊದಲೇ ಸೂಚನೆ ಕೊಟ್ಟಿರುತ್ತದೆ. ಐದು ತಿಂಗಳು ದಾಟಿದ ಗಿಡದ ಕಂಬದಿಂದ ಅಂಟಿನಂಥ ರಸ ಹನಿ ಹನಿಯಾಗಿ ಒಸರುತ್ತದೆ, ಸಣ್ಣ ತೂತು ಕಾಣುತ್ತದೆ. ನೇಂದ್ರಕ್ಕೆ ಇದರ ಹಾವಳಿ ಜಾಸ್ತಿ. ಒಣ ಎಲೆ, ಒಣ ಪದರಗಳನ್ನು ಆಗಾಗ ತೆಗೆದು ಕಂಬ ಸ್ವಚ್ಛವಾಗಿಡಿ. ಒಂದೆರಡು ಅಡಿಯ ಬಾಳೆ ಕಂಬವನ್ನು ಉದ್ದಕ್ಕೆ ಸೀಳಿ, ಸೀಳಿದ ಮುಖ ಕೆಳಗೆ ಮಾಡಿ ಸಂಜೆ ತೋಟದಲ್ಲಿ ಇಡಿ. ವಾಸನೆಗೆ ದೊಡ್ಡ ಹುಳಗಳು ಬಂದು ಅಡಿಯಲ್ಲಿ ಸೇರುತ್ತವೆ, ಬೆಳಿಗ್ಗೆ ಹೆಕ್ಕಿ ಕೊಲ್ಲಬಹುದು. ತಿರುವನಂತಪುರದ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ ಮರಗೆಣಸಿನ ಎಲೆಯಿಂದ ಮಾಡಿದ ನನ್ಮ, ಮೆನ್ಮ ಅನ್ನುವ ಔಷಧಿಗಳೂ ಈ ಹುಳಕ್ಕೆ ಇವೆ.

ಬುಡದಲ್ಲಿ ಗೆಡ್ಡೆಯೇ ಮುರಿದು, ಬೇರು ಮಣ್ಣಿನಲ್ಲೇ ಉಳಿದಿದ್ದರೆ ಗೆಡ್ಡೆ ಕತ್ತರಿಸಿ ನೋಡಿ. ಕಪ್ಪು ಸುರಂಗಗಳಿದ್ದರೆ ಗೆಡ್ಡೆ ಮೂತಿಹುಳ. ಮೆತ್ತಗಾಗಿ, ಕೆಟ್ಟ ನಾತ ಹೊಡೆಯುತ್ತಿದ್ದರೆ ಬ್ಯಾಕ್ಟೀರಿಯಾದ ಗೆಡ್ಡೆಕೊಳೆ. ಪನಾಮಾದಲ್ಲಿ ಈ ನಾತ ಇರುವುದಿಲ್ಲ, ಇಲ್ಲಿ ಮೂಗೇ ಸಾಕ್ಷಿ.

ಗಿಡ ಮುರಿಯದೆ ಬುಡಸಮೇತ ಕಿತ್ತು ಬಂದಿದೆಯಾ? ಬೇರು ತುಂಡು ತುಂಡಾಗಿ, ಗಿಡ್ಡವಾಗಿ ಇದೆಯಾ? ಬೇರನ್ನು ಉದ್ದಕ್ಕೆ ಸೀಳಿ. ಕೆಂಪು ಕಲೆಗಳಿದ್ದರೆ ಮಣ್ಣಿನಲ್ಲಿರುವ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಜಂತುಹುಳ, ಅಂದರೆ ನೆಮಟೋಡ್. ಬೇರು ಕೊರೆಯುವ ಈ ನೆಮಟೋಡ್ ಭಾರತದಲ್ಲಿ ಮೊದಲು ಸಿಕ್ಕಿದ್ದು 1966ರಲ್ಲಿ, ಪಾಲಕ್ಕಾಡಿನ ಬಾಳೆಯಲ್ಲಿ. ನಮಗೆ ಇದು ಯಾಕೆ ಮುಖ್ಯ ಅಂದರೆ ಇದೇ ಹುಳ ಕರಿಮೆಣಸು, ಅಡಿಕೆ, ತೆಂಗಿನ ಬೇರಿಗೂ ಹೋಗುತ್ತದೆ. ಅಡಿಕೆ ತೋಟದ ನಡುವೆ ಬಾಳೆ, ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ, ಇದು ನಮ್ಮ ಊರಿನ ಕ್ರಮ. ಬಾಳೆ ಬುಡ ಕಿತ್ತು ಬಿದ್ದರೆ ಪಕ್ಕದ ಬಳ್ಳಿ ಹಳದಿಯಾಗುತ್ತಿದೆಯಾ ಅಂತಲೂ ನೋಡಬೇಕು.

ಹುಳವಾಗಲಿ ನೆಮಟೋಡ್ ಆಗಲಿ, ಹೆಚ್ಚಾಗಿ ಬರುವುದು ನಾವು ತರುವ ಕಂದಿನ ಜೊತೆಗೆ. ತಂದ ಕಂದಿನ ಬೇರು, ಹೊರಸಿಪ್ಪೆ ಕೆತ್ತಿ ಗೆಡ್ಡೆ ಬೆಳ್ಳಗೆ ಕಾಣುವ ಹಾಗೆ ಮಾಡಿ. ತೂತು, ಕಪ್ಪು ಗೆರೆ ಇದ್ದರೆ ಎಸೆಯಿರಿ. ಉಳಿದದ್ದನ್ನು ಸೆಗಣಿ ನೀರು, ಬೂದಿಯಲ್ಲಿ ಅದ್ದಿ ಮೂರು ನಾಲ್ಕು ದಿನ ಬಿಸಿಲಿಗಿಟ್ಟು ಆಮೇಲೆ ನೆಡಿ. ಹಳಬರು ಮಾಡುತ್ತಿದ್ದದ್ದೂ ಇದೇ, ಕೃಷಿ ವಿಶ್ವವಿದ್ಯಾಲಯ ಹೇಳುವುದೂ ಇದೇ. ಗುಂಡಿಗೆ ಬೇವಿನ ಹಿಂಡಿ ಹಾಕಿದರೆ ಇನ್ನೂ ಒಳ್ಳೆಯದು.

ಇಷ್ಟೆಲ್ಲ ನೋಡಲು ಹೇಳುವುದಕ್ಕೆ ನನಗೊಂದು ಕಾರಣ ಇದೆ. ನಮ್ಮದು ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಜಿಲ್ಲೆ. ಅದು ನಿಂತದ್ದು 2000ದಲ್ಲಿ, ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ತಡೆ ಹಾಕಿದ್ದು 2011ರಲ್ಲಿ. ಎಣ್ಮಕಜೆಯ ಕಡೆ ಆ ನೋವು ಇನ್ನೂ ಮನೆಗಳೊಳಗೆ ಇದೆ. ಬಾಳೆಯ ಎಲೆಕಂಕುಳಿಗೆ ಫ್ಯೂರಡಾನ್ ಅನ್ನುವ ಕೀಟನಾಶಕದ ಹರಳು ಹಾಕುವ ಅಭ್ಯಾಸವೂ ಇಲ್ಲಿತ್ತು. ಕೇರಳದಲ್ಲಿ 2011ರಲ್ಲಿ ಅದಕ್ಕೂ ನಿಷೇಧ ಬಂತು. ಹಿತ್ತಿಲ ಬಾಳೆಯ ಎಲೆಯಲ್ಲಿ ಉಣ್ಣುತ್ತೇವೆ, ದಂಡು ಪಲ್ಯ ಮಾಡುತ್ತೇವೆ, ಪೂಂಬೆ, ಅಂದರೆ ಬಾಳೆ ಹೂವಿನ ಚಟ್ನಿ ಮಾಡುತ್ತೇವೆ, ಹಣ್ಣನ್ನು ಮಗುವಿನ ಬಾಯಿಗೆ ಕೊಡುತ್ತೇವೆ. ಅಂಥ ಗಿಡಕ್ಕೆ ಏನಾಗಿದೆ ಅಂತ ಗೊತ್ತಿಲ್ಲದೆ ಬಾಟಲಿ ಬಗ್ಗಿಸುವುದು ನನ್ನ ಕೈಯಲ್ಲಿ ಆಗುವುದಿಲ್ಲ.

ಇಷ್ಟು ನೋಡಿಯೂ ತಿಳಿಯದಿದ್ದರೆ ಪಂಚಾಯತಿನ ಕೃಷಿಭವನಕ್ಕೆ ಹೋಗಿ. ಪಡನ್ನಕ್ಕಾಡಿನ ಕೃಷಿ ಕಾಲೇಜು, ಪಿಲಿಕೋಡಿನ ಸಂಶೋಧನಾ ಕೇಂದ್ರ ಕೂಡ ನಮ್ಮ ಜಿಲ್ಲೆಯಲ್ಲೇ ಇವೆ. ಬರೀ ಒಂದು ಹಳದಿ ಎಲೆಯ ಫೋಟೋ ಹಿಡಿದುಕೊಂಡು ಹೋಗಬೇಡಿ. ಇಡೀ ಗಿಡದ್ದೊಂದು, ಸುಳಿ ಎಲೆಯನ್ನು ಬೆಳಕಿಗೆ ಹಿಡಿದದ್ದೊಂದು, ತೀರ ಕೆಳಗಿನ ಎಲೆಯದ್ದೊಂದು, ಕಂಬದ ಬುಡದ್ದೊಂದು ಫೋಟೋ ತೆಗೆಯಿರಿ. ಒಂದು ಹಿಡಿ ಬೇರನ್ನು ಮಣ್ಣು ಸಮೇತ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಅದು ಒಣಗುವ ಮೊದಲೇ ತಲುಪಿಸಿ. ಯಾವ ಜಾತಿ, ಎಷ್ಟು ತಿಂಗಳ ಗಿಡ, ಕಂದು ಎಲ್ಲಿಂದ ಬಂತು ಅಂತ ಚೀಟಿಯಲ್ಲಿ ಬರೆದುಕೊಂಡು ಹೋಗಿ, ಅವರು ಕೇಳುವ ಮೊದಲ ಪ್ರಶ್ನೆಗಳು ಅವೇ.